ಮಡಿಕೇರಿಯ ಮಳೆ-ಚಳಿಗೆ ಯಾವ ಬಣ್ಣ? ಅಮೋನಿಯಾರಹಿತ ಕೇಶವರ್ಣದ ದೀರ್ಘಕಾಲದ ಬಳಕೆಯ ವಿಮರ್ಶೆ

ಚಳಿಗಾಲ ಸಮೀಪಿಸಿದಂತೆ ಬರ್ಗಂಡಿ, ಡಾರ್ಕ್ ಚಾಕೊಲೇಟ್, ಕಾಪರ್ ಮುಂತಾದ ಗಾಢ ಛಾಯೆಗಳ ಜಾಹೀರಾತು ಪ್ರತಿವರ್ಷವೂ ಹೆಚ್ಚುತ್ತದೆ. ಒಣಹವೆಯ ನಗರಗಳಲ್ಲಿ ತೆಗೆದ ಆ ಚಿತ್ರಗಳನ್ನು ನೋಡಿ ಕೊಡಗಿನಲ್ಲಿ ಬಣ್ಣ ಆರಿಸುವುದು ಕಷ್ಟ. ಇಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಳೆ, ಅದು ತೀರುತ್ತಲೇ ಫೆಬ್ರವರಿಯವರೆಗೆ ಚಳಿ, ಎರಡೂ ಕಾಲದಲ್ಲಿ ತಲೆಗೆ ಬೀಳುವುದು ಹಂಡೆಯ ಬಿಸಿನೀರು. ಮನೆಯಲ್ಲೇ ಹಚ್ಚಿಕೊಳ್ಳುವ ಅಮೋನಿಯಾರಹಿತ ಕ್ರೀಮ್ ಬಣ್ಣವನ್ನು ನಾನು ಹಲವು ವರ್ಷಗಳಿಂದ ಬಳಸುತ್ತಿದ್ದೇನೆ. ಮೊದಲು ಬರ್ಗಂಡಿ, ಅನಂತರ ಡಾರ್ಕ್ ಚಾಕೊಲೇಟ್. ಹಚ್ಚಿದ ದಿನದ ಅಂದಕ್ಕಿಂತ ಮಾಸಿದ ಮೇಲಿನ ರೂಪವನ್ನು ನೋಡಿ ಛಾಯೆ ಆರಿಸಬೇಕೆಂಬುದು ಈ ಬಳಕೆಯಿಂದ ನನಗೆ ಖಚಿತವಾಗಿದೆ.

ಬರ್ಗಂಡಿ ಹಚ್ಚಿದ ವಾರ ನಿಜಕ್ಕೂ ಚೆಂದ. ಡಿಸೆಂಬರಿನ ಎಳೆಬಿಸಿಲಿನಲ್ಲಿ ನೇರಳೆ ಬೆರೆತ ಕೆಂಪು ಹೊಳೆಯುತ್ತದೆ, ನೆರಳಿಗೆ ಬಂದರೆ ಕಪ್ಪಾಗಿಯೇ ಕಾಣುವುದರಿಂದ ಕಚೇರಿಗೂ ಒಪ್ಪುತ್ತದೆ. ಆದರೆ ಕೆಂಪು ಛಾಯೆಗಳು ಉಳಿದವುಗಳಿಗಿಂತ ಬೇಗ ಮಾಸುತ್ತವೆ, ಬಿಸಿನೀರು ಆ ಮಾಸುವಿಕೆಯನ್ನು ಇನ್ನಷ್ಟು ಚುರುಕುಗೊಳಿಸುತ್ತದೆ. ತಿಂಗಳು ಕಳೆಯುವಷ್ಟರಲ್ಲಿ ಕಪ್ಪು ಕೂದಲಿನ ಮೇಲಿನ ಕೆಂಪು ಮಂಕಾಗಿ, ನರೆತ ಎಳೆಗಳು ಮಾತ್ರ ಒಗೆದೊಗೆದು ಬಣ್ಣಗೆಟ್ಟ ಟವೆಲ್ಲಿನಂತೆ ಕಿತ್ತಳೆಗೆ ತಿರುಗಿದವು. ಮಳೆಗಾಲದಲ್ಲಿ ಇನ್ನೊಂದು ತೊಂದರೆಯೂ ಇದೆ: ಹೊಸದಾಗಿ ಬಣ್ಣ ಹಚ್ಚಿದ ಕೂದಲು ನೆನೆದರೆ ತಿಳಿಬಣ್ಣದ ಕಾಲರು, ದಿಂಬಿನ ಹೊದಿಕೆ, ಉಣ್ಣೆಯ ಶಾಲು ಎಲ್ಲಕ್ಕೂ ಗುಲಾಬಿ ಕಲೆ ಹತ್ತುತ್ತದೆ.

ಡಾರ್ಕ್ ಚಾಕೊಲೇಟ್ ಮೊದಲ ದಿನ ಅಷ್ಟೇನೂ ಗಮನ ಸೆಳೆಯುವುದಿಲ್ಲ, ಬಣ್ಣ ಹಾಕಿದ್ದೀರಾ ಎಂದು ಕೇಳುವವರೂ ಕಡಿಮೆ. ಅದರ ಗುಣ ತಿಳಿಯುವುದು ಎರಡನೆಯ ತಿಂಗಳಲ್ಲಿ. ಮಾಸಿದರೂ ಅದು ಕಂದುಬಣ್ಣವಾಗಿಯೇ ಉಳಿಯುತ್ತದೆ. ತಿಂಗಳಿಗೆ ಸುಮಾರು 1 ಸೆಂಟಿಮೀಟರ್ ಬೆಳೆಯುವ ಬುಡದ ಹೊಸ ಕೂದಲಿಗೂ ಹಳೆಯ ಬಣ್ಣಕ್ಕೂ ನಡುವೆ ಬರ್ಗಂಡಿಯಲ್ಲಿ ಕಾಣುತ್ತಿದ್ದ ಗೆರೆ ಇಲ್ಲಿ ಅಷ್ಟು ಎದ್ದು ಕಾಣುವುದಿಲ್ಲ. ಹುತ್ತರಿ ಹಬ್ಬಕ್ಕಾಗಲಿ ಮದುವೆಗಾಗಲಿ ಕೊಡವ ಸೀರೆಯುಟ್ಟು ತಲೆಗೆ ವಸ್ತ್ರ ಕಟ್ಟಿದಾಗ ಹೊರಗೆ ಕಾಣುವುದು ಹಣೆಯ ಅಂಚಿನ ಕೂದಲಷ್ಟೇ, ನರೆ ಮೊದಲು ಇಣುಕುವುದೂ ಸಾಮಾನ್ಯವಾಗಿ ಅಲ್ಲಿಯೇ. ಆ ಅಂಚನ್ನು ಸಹಜವಾಗಿ ಕಾಣಿಸುವ ವಿಷಯದಲ್ಲಿ ಚಾಕೊಲೇಟ್ ಛಾಯೆಗೆ ನಾನು ಪೂರ್ಣ ಅಂಕ ಕೊಡುತ್ತೇನೆ.

ಅಮೋನಿಯಾ ಇಲ್ಲವೆಂದರೆ ರಾಸಾಯನಿಕವೇ ಇಲ್ಲವೆಂದು ಭಾವಿಸಬಾರದು. ಇಂತಹ ಬಣ್ಣಗಳಲ್ಲಿ ಅಮೋನಿಯಾದ ಬದಲಿಗೆ ಸಾಮಾನ್ಯವಾಗಿ ಘಾಟು ಕಡಿಮೆಯಿರುವ ಎಥನಾಲಮೀನ್ ಇರುತ್ತದೆ. ಹಾಗಾಗಿ ಕಿಟಕಿ ಮುಚ್ಚಿಕೊಂಡೇ ಇರಬೇಕಾದ ಜುಲೈ ತಿಂಗಳಿನಲ್ಲಿ ಮೂಗಿಗೆ ಘಾಟು ಬಡಿಯುವುದಿಲ್ಲ, ಅದು ದೊಡ್ಡ ಅನುಕೂಲವೇ ಸರಿ. ಆದರೆ ಹೈಡ್ರೋಜನ್ ಪೆರಾಕ್ಸೈಡ್ ಇದ್ದೇ ಇರುತ್ತದೆ, ಗಾಢ ಛಾಯೆಗಳಲ್ಲಿ ಅಲರ್ಜಿ ತರಬಲ್ಲ ಪಿಪಿಡಿ (ಪ್ಯಾರಾ-ಫೆನಿಲೀನ್‌ಡೈಅಮೀನ್) ಎಂಬ ಬಣ್ಣದ ವಸ್ತುವೂ ಬಹುಮಟ್ಟಿಗೆ ಇರುತ್ತದೆ. ಆದಕಾರಣ ಹಚ್ಚುವ 48 ಗಂಟೆ ಮುಂಚೆ ಮೊಣಕೈಯ ಒಳಮಗ್ಗುಲಿನಲ್ಲೋ ಕಿವಿಯ ಹಿಂದೆಯೋ ಸ್ವಲ್ಪ ಹಚ್ಚಿ ನೋಡುವುದನ್ನು, ಹಳೆಯ ಬಳಕೆದಾರರೂ ಪ್ರತಿಬಾರಿ, ಬಿಡಬಾರದು; ವರ್ಷಗಟ್ಟಲೆ ಒಗ್ಗಿದ ಬಣ್ಣಕ್ಕೂ ಅಲರ್ಜಿ ಹೊಸದಾಗಿ ಹುಟ್ಟಬಹುದು.

ಪೆಟ್ಟಿಗೆಯೊಳಗಿನ ಸೂಚನೆಯು ಬೆಚ್ಚಗಿನ ಕೋಣೆಯನ್ನು ಮನಸ್ಸಿನಲ್ಲಿಟ್ಟು ಬರೆದಂತಿರುತ್ತದೆ. ತಣ್ಣಗಿನ ಕೋಣೆಯಲ್ಲಿ ಬಣ್ಣ ಕಟ್ಟುವ ಕ್ರಿಯೆ ನಿಧಾನವಾಗುತ್ತದೆ, ಮೊಂಡು ನರೆಕೂದಲು ಅರೆಬರೆಯಾಗಿ ಉಳಿಯುತ್ತದೆ. ಹಾಗೆಂದು ಹೇಳಿದ ಸಮಯವನ್ನು ಮೀರಿ ತಲೆಯ ಮೇಲೆ ಬಿಟ್ಟುಕೊಳ್ಳುವುದು ಸರಿಯಲ್ಲ. ಬಿಸಿಲೇರಿದ ಮೇಲೆ, ಬೆಚ್ಚಗಿರುವ ಕೋಣೆಯಲ್ಲಿ ಹಚ್ಚಿ ಪ್ಲಾಸ್ಟಿಕ್ ಟೋಪಿ ಹಾಕಿಕೊಂಡರೆ ಸಾಕು. ತೊಳೆಯುವಾಗಲೂ ನೀರು ಉಗುರುಬೆಚ್ಚಗಿರಲಿ. ಮೈಗೆ ಎಷ್ಟೇ ಬಿಸಿ ಬೇಕೆನಿಸಿದರೂ ತಲೆಗೆ ಬೇರೆ ಚೊಂಬಿನಲ್ಲಿ ತಣ್ಣೀರು ಬೆರೆಸಿಕೊಳ್ಳುವ ಅಭ್ಯಾಸದಿಂದ ಬಣ್ಣದ ಬಾಳಿಕೆಯಲ್ಲಿ ಕಂಡ ವ್ಯತ್ಯಾಸ, ದುಬಾರಿ ಶಾಂಪೂಗಳಿಂದ ನನಗೆ ಕಾಣಲಿಲ್ಲ.

ಮದರಂಗಿ ಮತ್ತು ಇಂಡಿಗೋ ಪುಡಿ ಬಳಸುವವರು ನಮ್ಮಲ್ಲಿ ಬಹಳ ಮಂದಿ ಇದ್ದಾರೆ. ಬಾಳಿಕೆಯಲ್ಲಿ ಅದು ಈ ಕ್ರೀಮಿಗಿಂತ ಮೇಲು, ಏಕೆಂದರೆ ಮದರಂಗಿಯ ಬಣ್ಣ ಕೂದಲಿನ ಕೆರಟಿನ್ ಎಂಬ ಪ್ರೋಟೀನಿಗೆ ಗಟ್ಟಿಯಾಗಿ ಅಂಟಿಕೊಳ್ಳುತ್ತದೆ. ಆದರೆ ಚಳಿಯಲ್ಲಿ ಕಲಸಿಟ್ಟ ಮದರಂಗಿ ಬಣ್ಣ ಬಿಡಲು ರಾತ್ರಿಯಿಡೀ ಬೇಕಾಗುತ್ತದೆ, ತಣ್ಣನೆಯ ಲೇಪವನ್ನು ಗಂಟೆಗಟ್ಟಲೆ ತಲೆಯ ಮೇಲೆ ಹೊತ್ತು ಕೂರಬೇಕು. ಏಪ್ರಿಲ್‌ಗೆ ಅದು ಹಿತ, ಜನವರಿಗೆ ಅಲ್ಲ.

ಕಾಪರ್ ಛಾಯೆಯನ್ನು ನಾನು ಬಳಸಿಲ್ಲ, ಶಿಫಾರಸನ್ನೂ ಮಾಡಲಾರೆ. ಪೆಟ್ಟಿಗೆಯ ಬಣ್ಣಗಳಲ್ಲಿ ಸಾಮಾನ್ಯವಾಗಿ ಸಿಗುವ ಶೇ. 6ರ ಪೆರಾಕ್ಸೈಡ್ ನಮ್ಮ ಕಪ್ಪು ಕೂದಲನ್ನು ಅಲ್ಪಸ್ವಲ್ಪ ಮಾತ್ರ ತಿಳಿಯಾಗಿಸುತ್ತದೆ. ಚಿತ್ರದಲ್ಲಿರುವ ತಾಮ್ರದ ಹೊಳಪು ಬರಬೇಕಾದರೆ ಮೊದಲು ಪಾರ್ಲರಿನಲ್ಲಿ ಬ್ಲೀಚ್ ಮಾಡಿಸಬೇಕಾಗುತ್ತದೆ. ಬ್ಲೀಚಾದ ಕೂದಲು ನೀರನ್ನು ಹೆಚ್ಚು ಹೀರುವುದರಿಂದ ಮಳೆಗಾಲದಲ್ಲಿ ಒಣಗಲು ತಡವಾಗುತ್ತದೆ, ತೇವಕ್ಕೆ ಉಬ್ಬುತ್ತದೆ.

ಕೇಶವಿನ್ಯಾಸದ ಬಗ್ಗೆ ಹೆಚ್ಚು ಹೇಳಬೇಕಾದುದಿಲ್ಲ. ಹೆಗಲು ಮುಟ್ಟುವ ಲೇಯರ್ ಕಟ್ ಬೇಗ ಒಣಗುತ್ತದೆ, ಉಣ್ಣೆಯ ಟೋಪಿ ತೆಗೆದ ಮೇಲೂ ಒಂದು ಆಕಾರದಲ್ಲಿರುತ್ತದೆ. ಕರ್ಟನ್ ಬ್ಯಾಂಗ್ಸ್ ಎಂಬ ಹಣೆಗೂದಲಿನ ಶೈಲಿ ಮಂಜಿನ ತೇವಕ್ಕೆ ಸುರುಳಿಗಟ್ಟಿ, ಟೋಪಿಯಡಿ ಹಣೆಗೆ ಅಂಟಿಕೊಳ್ಳುತ್ತದೆ. ಅದನ್ನು ದಿನವೂ ಬಿಸಿಯಂತ್ರದಿಂದ ನೇರಗೊಳಿಸಿದರೆ ಬಣ್ಣವೂ ಬೇಗ ಹೋಗುತ್ತದೆ.

ಹೆಗಲುದ್ದದ ಕೂದಲಿಗೆ ಒಂದು ಪೆಟ್ಟಿಗೆ ಸಾಲುತ್ತದೆ, ಸೊಂಟದುದ್ದಕ್ಕೆ ಎರಡು ಬೇಕು. ಮರುಬಾರಿ ಹಚ್ಚುವಾಗ ಬುಡಕ್ಕೆ ಮಾತ್ರ ಹಚ್ಚಿ, ತುದಿಗಳಿಗೆ ಕೊನೆಯ ಕೆಲವು ನಿಮಿಷ ಎಳೆದರೆ ಸಾಕು. ಪ್ರತಿಸಲವೂ ಪೂರ್ತಿ ಹಚ್ಚಿದರೆ ತುದಿಗಳು ಒರಟಾಗಿ, ಬುಡಕ್ಕಿಂತ ಕಪ್ಪಾಗಿ ಕಾಣುತ್ತವೆ. ಬೆರೆಸಿ ಉಳಿದ ಕ್ರೀಮನ್ನು ಮುಂದಿನ ಬಾರಿಗೆಂದು ಬಾಟಲಿಯಲ್ಲಿ ಮುಚ್ಚಿಡಬಾರದು. ಅದರೊಳಗೆ ಅನಿಲ ಉಂಟಾಗಿ ಬಾಟಲಿ ಒಡೆಯಬಹುದು.