ಕೈ ಹಾಕಿ ನೋಡದೆ ‘ಬೆದೆ ಸೂಜಿ’ ಹಾಕಿಸಬೇಡಿ

ಮುಳಬಾಗಿಲು, ಶ್ರೀನಿವಾಸಪುರ ಕಡೆ ಸೀಮೆ ಹಸು ಕಟ್ಟಿರುವವರು ಇದನ್ನೊಮ್ಮೆ ಓದಿ. ನಮ್ಮ ಹಸು ಎರಡು ತಿಂಗಳಿಗೇ ಕಂದು ಹಾಕಿತು. ರೋಗವಲ್ಲ, ಏಟು ಬಿದ್ದಿದ್ದೂ ಅಲ್ಲ. ನಾನೇ ದುಡ್ಡು ಕೊಟ್ಟು ಹಾಕಿಸಿದ ಸೂಜಿ.

ಎರಡನೇ ಸೂಲಿನ ಎಚ್‌ಎಫ್ (ಹೋಲ್‌ಸ್ಟೀನ್ ಫ್ರೀಸಿಯನ್) ಹಸು. ಸೆಮೆನ್ ಹಾಕಿಸಿ 21ನೇ ದಿನಕ್ಕೆ ಮತ್ತೆ ಬೆದೆಗೆ ಬರಲಿಲ್ಲ, ಗಬ್ಬ ನಿಂತಿತು ಅಂದುಕೊಂಡೆವು. 42ನೇ ದಿನ ನಾನು ಟೊಮೆಟೊ ಹಾಕಿಕೊಂಡು ಕೋಲಾರದ ಮಂಡಿಗೆ ಹೋಗಿದ್ದೆ. ಬೆಳಗ್ಗೆಯೆಲ್ಲ ಕೂಗಿತಂತೆ, ಪಕ್ಕದ ಪಡ್ಡೆಯ ಮೇಲೆ ಹಾರಿತಂತೆ. ನಾನು ಬರುವಷ್ಟರಲ್ಲಿ ಸುಮ್ಮನೆ ಮೆಲುಕು ಹಾಕುತ್ತಿತ್ತು. ಗಬ್ಬ ನಿಂತಿಲ್ಲ, ಬೆದೆಯೂ ತಪ್ಪಿತು ಅಂತ ಹೊಟ್ಟೆ ಉರಿಯಿತು. ಎರಡು ವಾರ ಹೇಗೋ ತಡೆದೆ.

ಆಮೇಲೆ ಬೈಕಿನಲ್ಲಿ ಬಂದು ಸೆಮೆನ್ ಹಾಕುವ ಒಬ್ಬರನ್ನು ಕರೆಸಿದೆ. “ಖಾಲಿನೇ ಬಿಡಣ್ಣ, ಒಂದು ಸೂಜಿ ಹಾಕಿದ್ರೆ ಮೂರು ದಿನಕ್ಕೆ ಬೆದೆಗೆ ಬರ್ತದೆ” ಅಂದರು. ಗುದದೊಳಗೆ ಕೈ ಹಾಕಿ ಗಬ್ಬ ಇದೆಯೋ ಇಲ್ಲವೋ ನೋಡುವ ಕೈಗವಸು ಬ್ಯಾಗಿನಲ್ಲೇ ಇತ್ತು, ತೆಗೆಯಲಿಲ್ಲ. ನಾನೂ ಕೇಳಲಿಲ್ಲ.

ಮೂರನೇ ದಿನ ಹಾಲು ಕರೆಯಲು ಹೋದರೆ ಗಂಜಲದ ಕಾಲುವೆಯಲ್ಲಿ ತೆಳ್ಳನೆ ಪೊರೆ. ಒಳಗೆ ಇಲಿಯಷ್ಟು ಗಾತ್ರದ ಕರು, ಕಾಲುಗಳು ಮೂಡಿದ್ದವು. ನಾಯಿ ಬರುವ ಮೊದಲು ಹೂತೆ.

ಪಶು ಆಸ್ಪತ್ರೆಯ ಡಾಕ್ಟರು ಖಾಲಿ ಬಾಟಲಿ ನೋಡಿ ಹಣೆ ಚಚ್ಚಿಕೊಂಡರು. ಅದು ಪ್ರೊಸ್ಟಾಗ್ಲಾಂಡಿನ್. ಗಬ್ಬ ನಿಂತ ಹಸುವಿನ ಅಂಡಾಶಯದಲ್ಲಿ ಒಂದು ಹಳದಿ ಗಂಟು ಇರುತ್ತದೆ, ಅದರಿಂದ ಬರುವ ಪ್ರೊಜೆಸ್ಟರಾನ್ ಅನ್ನುವ ಹಾರ್ಮೋನಿನಿಂದಲೇ ಗಬ್ಬ ಉಳಿಯುವುದು. ಈ ಸೂಜಿ ಆ ಗಂಟನ್ನೇ ಕರಗಿಸುತ್ತದೆ. ಖಾಲಿ ಹಸುವಾದರೆ ಬೆದೆ, ಗಬ್ಬದ ಹಸುವಾದರೆ ಕಂದು. ಗಬ್ಬ ನಿಂತ ಮೇಲೂ ಕೆಲವು ಹಸು ಬೆದೆಯ ಹಾಗೆ ಆಡುತ್ತವಂತೆ. ಇಪ್ಪತ್ತು ವರ್ಷ ಹಸು ಕಟ್ಟಿದ ನನಗೆ ಇದು ಗೊತ್ತಿರಲಿಲ್ಲ. ಆಗ ಮತ್ತೆ ಸೆಮೆನ್ ಹಾಕಿಸಿದರೂ ಸೆಮೆನ್ ಬಿಡುವ ಕೊಳವೆ (ಗನ್) ಗರ್ಭಕೋಶಕ್ಕೆ ಹೋಗಿ ಗಬ್ಬ ಕೆಡಬಹುದು. ಗಬ್ಬ ಇದೆಯೋ ಇಲ್ಲವೋ ಸ್ಕ್ಯಾನಿಂಗ್‌ನಲ್ಲಿ 30 ದಿನಕ್ಕೇ ಗೊತ್ತಾಗುತ್ತದೆ, ಕೈ ಹಾಕಿ ನೋಡುವ ಪಳಗಿದವರಿಗೆ 45ರಿಂದ 60 ದಿನದೊಳಗೆ. ಐದು ನಿಮಿಷದ ಕೆಲಸ.

ಇನ್ನೊಂದು. ಆವತ್ತು ಬಾಟಲಿ ಹಿಡಿದು ನಿಂತಿದ್ದವಳು ನನ್ನ ಸೊಸೆ. ಆ ಔಷಧಿ ಚರ್ಮದ ಮೂಲಕವೂ ಒಳಗಿಳಿಯುತ್ತದೆ, ಬಸುರಿಯರು, ಅಸ್ತಮಾ ಇರುವವರು ಮುಟ್ಟಲೇಬಾರದಂತೆ. ಪುಣ್ಯಕ್ಕೆ ಅವಳು ಬಸುರಿಯಲ್ಲ.

ಈಗ ಕೊಟ್ಟಿಗೆಯ ಗೋಡೆಯ ಮೇಲೆ ಇದ್ದಲಿನಲ್ಲಿ ತಾರೀಖು ಬರೆಯುತ್ತಿದ್ದೇನೆ. ಡಾಕ್ಟರು ಹೇಳಿದ್ದಕ್ಕೆ ಒಂದು ಬೆದೆಗೆ ಸೆಮೆನ್ ಹಾಕಿಸದೆ ಹಾಗೇ ಬಿಟ್ಟೆವು. ಹಾಲು ಹೊತ್ತಿಗೆ ಆರು ಲೀಟರ್‌ಗೆ ಇಳಿದಿದೆ, ಬೂಸಾ ಮೂಟೆ ಮಾತ್ರ ಮೊದಲಿನಷ್ಟೇ ಬೇಕು.