ಗಾರ್ಡಿಯನ್ ಅಥವಾ ನ್ಯೂಸ್‌ಲಾಂಡ್ರಿ: ಓದುಗರಾಗಿ ಯಾವುದಕ್ಕೆ ದುಡ್ಡು ಕೊಡೋದು?

ಸುದ್ದಿತಾಣಕ್ಕೆ ದುಡ್ಡು ಕೊಟ್ಟರೆ ನಮಗೇನು ಸಿಗುತ್ತದೆ? ಬರೀ ಓದಲಿಕ್ಕಾ, ಇಲ್ಲ ಮಾತಾಡಲಿಕ್ಕೂ ಜಾಗ ಉಂಟಾ?

ಲಂಡನ್ನಿನ ಗಾರ್ಡಿಯನ್ ತನ್ನ ವೆಬ್‌ಸೈಟಿಗೆ ಬೀಗ ಹಾಕಿಲ್ಲ. ಆಗುವವರು ಕೊಡಲಿ, ಉಳಿದವರೂ ಓದಲಿ ಅನ್ನುತ್ತದೆ. ಜಾಹೀರಾತೂ ಇರುತ್ತದೆ. ಓದುಗರ ದೂರು ಕೇಳಲೆಂದೇ ಅಲ್ಲಿ 1997ರಿಂದ ಒಬ್ಬ ಸಂಪಾದಕರಿದ್ದಾರೆ. 2009ರಲ್ಲಿ ಬ್ರಿಟಿಷ್ ಸಂಸದರ ಖರ್ಚಿನ ದಾಖಲೆ ಹೊರಬಿದ್ದಾಗ, ಲಕ್ಷಗಟ್ಟಲೆ ಪುಟಗಳನ್ನು ಆನ್‌ಲೈನ್ ಹಾಕಿ, ‘ಅನುಮಾನದ ಖರ್ಚು ಇದ್ದರೆ ನೀವೇ ಹುಡುಕಿ’ ಎಂದು ಓದುಗರಿಗೇ ಕೊಟ್ಟರು. ಸಾವಿರಾರು ಜನ ಕೂತು ತಡಕಿದರು! ಓದುಗರನ್ನು ನಂಬೋದು ಅಂದರೆ ಇದು, ಅಲ್ವಾ? ಆದರೆ ಅಂಥದ್ದು ದಿನಾ ನಡೆಯಲ್ಲ. ಮಾಮೂಲಿ ದಿನಗಳಲ್ಲಿ ನೀವು ದೊಡ್ಡ ಗುಂಪಿನಲ್ಲಿ ಒಬ್ಬರು, ಅಷ್ಟೇ.

2012ರಲ್ಲಿ ಶುರುವಾದ ದೆಹಲಿಯ ನ್ಯೂಸ್‌ಲಾಂಡ್ರಿ ಚಿಕ್ಕದು. ಜಾಹೀರಾತು ಬೇಡ, ಚಂದಾ ಸಾಕು ಅನ್ನುವ ಪಂಥ. ಕೆಲವು ಸಾಮಗ್ರಿ ಚಂದಾದಾರರಿಗೆ ಮಾತ್ರ. ‘ಎನ್‌ಎಲ್ (ನ್ಯೂಸ್‌ಲಾಂಡ್ರಿ) ಸೇನಾ’ ಅನ್ನುವ ಯೋಜನೆಯಲ್ಲಿ ಯಾವ ತನಿಖಾ ವರದಿಗೆ ಹಣ ಹಾಕಬೇಕು ಅಂತ ನೀವೇ ಆರಿಸಬಹುದು. ‘ಹಫ್ತಾ’ ಪಾಡ್‌ಕಾಸ್ಟಿನಲ್ಲಿ ಚಂದಾದಾರರ ಪತ್ರ ಓದುತ್ತಾರೆ, ಬೈಗುಳವನ್ನೂ ಸೇರಿಸಿ.

ಜಗತ್ತಿನ ಸುದ್ದಿ ಬೇಕು, ಸುಮ್ನೆ ಓದ್ತೀನಿ ಅನ್ನುವವರಿಗೆ ಗಾರ್ಡಿಯನ್ ಸಾಕು. ವಾದ ಮಾಡುವ ಚಟ ಇದ್ದರೆ ನ್ಯೂಸ್‌ಲಾಂಡ್ರಿ. ನನ್ನ ಓಟು ಅದಕ್ಕೇ. ಕರ್ನಾಟಕದ ಸುದ್ದಿಯೇ ಜಾಸ್ತಿ ಬೇಕೆಂದರೆ ಬೆಂಗಳೂರಿನ ದ ನ್ಯೂಸ್ ಮಿನಿಟ್ ಕೂಡ ನೋಡಿ.