ಎಕ್ಸ್230ಗೆ ಬದಲಾಯಿಸಿದ ಬಯಾಸ್: ಕ್ಲಿಪ್ಪೋ, ಪೆನ್‌ಡ್ರೈವೋ, ರೆಡಿ ಫೈಲೋ?

ತೀರ್ಥಹಳ್ಳಿಯ ನಮ್ಮ ಮನೆಗೆ ಫೈಬರ್ ಬಂದ ಮೇಲೆ ಥಿಂಕ್‌ಪ್ಯಾಡ್ ಎಕ್ಸ್230 ಲ್ಯಾಪ್‌ಟಾಪಿನ ಹಳೇ ವೈಫೈ ಕಾರ್ಡ್ ಸಾಕಾಗಲಿಲ್ಲ. ಅದು 2.4 ಗಿಗಾಹರ್ಟ್ಸ್ ಮಾತ್ರ ಹಿಡಿಯುತ್ತದೆ. ಇಂಟೆಲ್ 7260 ಅನ್ನೋ ಬೇರೆ ವೈಫೈ ಕಾರ್ಡ್ ಹಾಕಿದರೆ 1802 ಎರರ್ ತೋರಿಸಿ ನಿಂತುಬಿಡುತ್ತದೆ, ಯಾಕಂದ್ರೆ ಈ ಮಾಡೆಲ್‌ನ ಬಯಾಸ್ (ಆನ್ ಆದ ಕೂಡಲೇ ಮೊದಲು ಓಡುವ, ಚಿಪ್ಪಿನಲ್ಲಿರುವ ತಂತ್ರಾಂಶ) ತನ್ನ ಪಟ್ಟಿಯಲ್ಲಿರುವ ಕಾರ್ಡ್ ಬಿಟ್ಟು ಬೇರೆ ಯಾವುದನ್ನೂ ಒಪ್ಪುವುದಿಲ್ಲ. ಪಟ್ಟಿ ತೆಗೆಯಬೇಕು ಅಂದ್ರೆ ಬಯಾಸನ್ನೇ ಬದಲಾಯಿಸಬೇಕು. ಆದರೆ ಈ ಲ್ಯಾಪ್‌ಟಾಪಿನಲ್ಲಿ ಟ್ಯಾಲಿ, ನುಡಿ ಇರುವ ವಿಂಡೋಸ್ 10 ಪ್ರೊ ಇದೆ, ಡಿಸ್ಕಿಗೆ ಬಿಟ್‌ಲಾಕರ್ (ವಿಂಡೋಸಿನ ಡಿಸ್ಕ್ ಬೀಗ, ಅಂದ್ರೆ ಎನ್‌ಕ್ರಿಪ್ಶನ್) ಇದೆ. ಎರಡೂ ಉಳಿಯಬೇಕು. ದಾರಿ ಮೂರು: ಚಿಪ್ಪಿಗೇ ಕ್ಲಿಪ್ ಹಾಕಿ ಬರೆಯುವುದು, ಪೆನ್‌ಡ್ರೈವ್‌ನಿಂದ ಬರೆಯುವುದು, ನೆಟ್‌ನಲ್ಲಿ ಸಿಗುವ ರೆಡಿ ಫೈಲ್ ಬರೆಸುವುದು.

ಮೊದಲು ರೆಡಿ ಫೈಲ್ ವಿಷಯ ಮುಗಿಸಿಬಿಡ್ತೀನಿ. ಬೇಡವೇ ಬೇಡ. ಶಿವಮೊಗ್ಗದಲ್ಲಿ ಸ್ನೇಹಿತನೊಬ್ಬನ ಲ್ಯಾಪ್‌ಟಾಪಿಗೆ ರಿಪೇರಿಯವರು ನೆಟ್‌ನಿಂದ ಇಳಿಸಿದ ಪೂರ್ತಿ ಬಯಾಸ್ ಫೈಲ್ ಬರೆದುಕೊಟ್ಟರು. ಆನ್ ಆಯಿತು, ನಿಜ. ಆದರೆ ಸೀರಿಯಲ್ ನಂಬರ್ ಬೇರೆ ಯಾರದ್ದೋ, ವಿಂಡೋಸ್ ಆಕ್ಟಿವೇಶನ್ ಹೋಗಿತ್ತು. ವಿಂಡೋಸ್ 8ರ ಕಾಲದಿಂದ ಕಂಪನಿಯವರು ಹಾಕಿಕೊಡುವ ವಿಂಡೋಸ್ ಕೀ ಸ್ಟಿಕ್ಕರ್ ಮೇಲೆ ಇರುವುದಿಲ್ಲ. ಬಯಾಸ್ ಚಿಪ್ಪಿನೊಳಗೆ ಎಂಎಸ್‌ಡಿಎಂ ಅನ್ನೋ ಟೇಬಲ್‌ನಲ್ಲಿರುತ್ತದೆ. ಚಿಪ್ ಪೂರ್ತಿ ಅಳಿಸಿ ಬೇರೆಯದನ್ನು ಬರೆದರೆ ಅದೂ ಅಳಿಸಿಹೋಗುತ್ತದೆ, ಅಲ್ವಾ?

ಹಾಗಾಗಿ ನನ್ನ ಲ್ಯಾಪ್‌ಟಾಪಿಗೆ ನಾನು ಮಾಡಿದ್ದು ಕ್ಲಿಪ್ ದಾರಿ. ಚಾರ್ಜರ್, ಬ್ಯಾಟರಿ ಎರಡೂ ತೆಗೆದು, ಕೀಬೋರ್ಡ್ ಮತ್ತು ಪಾಮ್‌ರೆಸ್ಟ್ ಬಿಚ್ಚಿದರೆ ಕಪ್ಪು ಹಾಳೆಯ ಕೆಳಗೆ ಎರಡು ಚಿಪ್ ಸಿಗುತ್ತವೆ, ಒಂದು 8 ಎಂಬಿ, ಇನ್ನೊಂದು 4 ಎಂಬಿ. ಚಿಪ್ಪಿನ ಕಾಲುಗಳನ್ನು ಕಚ್ಚುವ ಕ್ಲಿಪ್ಪನ್ನು ಪ್ರೋಗ್ರಾಮರ್‌ಗೆ, ಅಂದ್ರೆ ಚಿಪ್ ಓದಿ ಬರೆಯುವ ಸಾಧನಕ್ಕೆ, ಜೋಡಿಸಬೇಕು. ಸಿಎಚ್341ಎ ಪ್ರೋಗ್ರಾಮರ್ ಅಗ್ಗ, ಆದರೆ ಸುಲಭವಾಗಿ ಸಿಗುವ ಆ ಕಪ್ಪು ಬೋರ್ಡ್ ಡೇಟಾ ಲೈನಿಗೆ 5 ವೋಲ್ಟ್ ಕಳಿಸುತ್ತದೆ, ಚಿಪ್ ಇರುವುದು 3.3 ವೋಲ್ಟಿನದು. ಅದಕ್ಕೇ ನಾನು ರಾಸ್ಪ್‌ಬೆರಿ ಪೈ (ಅಂಗೈ ಗಾತ್ರದ ಕಂಪ್ಯೂಟರ್) ಬಳಸಿದೆ, ಅದರ ಪಿನ್ನುಗಳೇ 3.3. ಫ್ಲ್ಯಾಶ್‌ರಾಮ್ ಅನ್ನೋ ತಂತ್ರಾಂಶದಲ್ಲಿ ಎರಡೂ ಚಿಪ್ ಓದಿ, ಮತ್ತೊಮ್ಮೆ ಓದಿ, ಎರಡು ಓದಿನ ಚೆಕ್‌ಸಮ್ (ಫೈಲಿನ ಗುರುತು ಸಂಖ್ಯೆ) ತಾಳೆ ನೋಡಿದ ಮೇಲೇ ಮುಂದುವರಿಯಬೇಕು. ನಮ್ಮ ಮಳೆಗಾಲದ ತೇವಕ್ಕೆ ಕ್ಲಿಪ್ಪಿನ ಹಲ್ಲು ಮಂಕಾಗಿ ಓದು ತಪ್ಪುವುದುಂಟು, ಮೊದಲೇ ಒರೆಸಿಟ್ಟುಕೊಳ್ಳಿ. ಆಮೇಲೆ ಆ ಸ್ವಂತ ಡಂಪ್‌ಗೇ (ಚಿಪ್ಪಿನಿಂದ ಓದಿಟ್ಟ ಫೈಲಿಗೆ) ಯುಇಎಫ್‌ಐಪ್ಯಾಚ್ ಅನ್ನೋ ಬಯಾಸ್ ತಿದ್ದುವ ತಂತ್ರಾಂಶ ಹಾಕಿ ಪಟ್ಟಿಯ ತಪಾಸಣೆ ಮಾತ್ರ ತೆಗೆದು ವಾಪಸ್ ಬರೆದೆ. ಕೀ, ಸೀರಿಯಲ್, ನೆಟ್‌ವರ್ಕ್ ವಿಳಾಸ ಎಲ್ಲ ಹಾಗೇ ಉಳಿದವು. ಮೂಲ ಡಂಪ್ ಪೆನ್‌ಡ್ರೈವಿನಲ್ಲಿ ಇದ್ದೇ ಇದೆ.

ಭಾವನ ಎಕ್ಸ್230ಗೆ 1ವೈರೇನ್, ಅಂದ್ರೆ ಪಟ್ಟಿ ತೆಗೆದ ಬಯಾಸ್ ಬರೆಯುವ ಪೆನ್‌ಡ್ರೈವ್ ದಾರಿ, ಪ್ರಯತ್ನಿಸಿದೆ. ಬಿಚ್ಚುವ ಕೆಲಸವೇ ಇಲ್ಲ. ಬಯಾಸ್ 2.60ಕ್ಕಿಂತ ಹೊಸದಾಗಿದ್ದರೆ ಐವಿಪ್ರೆಪ್ ಅನ್ನೋ ತಂತ್ರಾಂಶದಿಂದ ಹಿಂದಿನ ಆವೃತ್ತಿಗೆ ಇಳಿಸಿ, ಪೆನ್‌ಡ್ರೈವ್‌ನಿಂದ ಬೂಟ್ ಮಾಡಿ ಬರೆಯುವುದು. ಕೆಲಸ ಬೇಗ ಮುಗಿಯಿತು, ಆಕ್ಟಿವೇಶನ್ ಕೂಡ ಹೋಗಲಿಲ್ಲ. ಆದರೂ ನನಗೆ ಕ್ಲಿಪ್ಪೇ ಇಷ್ಟ. ಆಷಾಢದಲ್ಲಿ ಇಲ್ಲಿ ಕರೆಂಟ್ ಯಾವಾಗ ಹೋಗುತ್ತೆ ಹೇಳೋಕಾಗಲ್ಲ, ಲ್ಯಾಪ್‌ಟಾಪ್ ತನ್ನ ಚಿಪ್ಪನ್ನು ತಾನೇ ಬರೆಯುತ್ತಿರುವಾಗ ಮಧ್ಯೆ ಆಫ್ ಆದರೆ ಮತ್ತೆ ಏಳುವುದಿಲ್ಲ, ಆಗ ಬದುಕಿಸಲು ಕ್ಲಿಪ್ಪೇ ಬೇಕಾಗುತ್ತದೆ. ಕ್ಲಿಪ್ಪಿನಲ್ಲಿ ಬರೆಯುವಾಗ ಕರೆಂಟ್ ಹೋದರೆ ಇನ್ನೊಮ್ಮೆ ಬರೆದರಾಯಿತು. ಬ್ಯಾಟರಿ ಚೆನ್ನಾಗಿ ನಿಲ್ಲುತ್ತದೆ, ಇನ್ವರ್ಟರ್ ಇದೆ ಅಂದ್ರೆ 1ವೈರೇನ್ ಮಾಡಿ, ಬ್ಯಾಟರಿ ಸತ್ತಿದ್ದರೆ ಬೇಡ.

ಇನ್ನು ಬಿಟ್‌ಲಾಕರ್. ಟಿಪಿಎಂ ಅನ್ನೋ ಭದ್ರತಾ ಚಿಪ್, ಲ್ಯಾಪ್‌ಟಾಪ್ ಬೂಟ್ ಆಗುವಾಗ, ಬಯಾಸ್‌ನಂಥ ಫರ್ಮ್‌ವೇರ್‌ನ ಅಳತೆಗಳನ್ನು ಪಿಸಿಆರ್ ಅನ್ನೋ ನಂಬರಿನ ಖಾನೆಗಳಲ್ಲಿ ಇಟ್ಟುಕೊಳ್ಳುತ್ತದೆ. ಅವು ಮೊದಲಿನಂತೇ ಇದ್ದರೆ ಮಾತ್ರ ಡಿಸ್ಕ್ ತಾನಾಗಿ ತೆರೆಯುತ್ತದೆ. ನನ್ನ ಬಿಟ್‌ಲಾಕರ್, ಸೆಕ್ಯೂರ್ ಬೂಟ್ (ಸಹಿ ನೋಡಿಯೇ ಬೂಟ್ ಮಾಡುವ ವ್ಯವಸ್ಥೆ) ಇಲ್ಲದೆ, 0, 2, 4, 11ನೇ ಖಾನೆಗಳಿಗೆ ಕಟ್ಟಿಕೊಂಡಿತ್ತು. 0ಯಲ್ಲಿ ಇರುವುದೇ ಬಯಾಸ್ ಕೋಡಿನ ಅಳತೆ, ಅದು ಬದಲಾದರೆ 48 ಅಂಕಿಯ ರಿಕವರಿ ಕೀ ಕೇಳುತ್ತದೆ. ಪೂರ್ತಿ ಡಿಕ್ರಿಪ್ಟ್ ಮಾಡಿ ಎಂದು ತುಂಬಾ ಜನ ಹೇಳುತ್ತಾರೆ. ಹಾರ್ಡ್‌ಡಿಸ್ಕಿನಲ್ಲಿ ಅದಕ್ಕೆ ಗಂಟೆಗಟ್ಟಲೆ ಬೇಕು, ಆಮೇಲೆ ಮತ್ತೆ ಎನ್‌ಕ್ರಿಪ್ಟ್ ಮಾಡಬೇಕು, ಸುಮ್ನೆ ದಂಡ. ಸಸ್ಪೆಂಡ್ (ಬಿಟ್‌ಲಾಕರನ್ನು ತಾತ್ಕಾಲಿಕವಾಗಿ ನಿಲ್ಲಿಸುವುದು) ಸಾಕು. ಆದರೆ ಕಂಟ್ರೋಲ್ ಪ್ಯಾನೆಲ್‌ನಿಂದ ಮಾಡಿದ ಸಸ್ಪೆಂಡ್ ಒಂದು ರೀಸ್ಟಾರ್ಟ್ ಆದ ಕೂಡಲೇ ತಾನಾಗಿ ಮುಗಿಯುತ್ತದೆ, 1ವೈರೇನ್‌ಗೆ ಹಲವು ರೀಸ್ಟಾರ್ಟ್ ಬೇಕು. ಮ್ಯಾನೇಜ್-ಬಿಡಿಇ ಅನ್ನೋ ವಿಂಡೋಸ್ ಕಮಾಂಡಿನಲ್ಲಿ ರೀಬೂಟ್‌ಕೌಂಟ್ 0 ಎಂದು ಕೊಟ್ಟರೆ ನೀವೇ ಆನ್ ಮಾಡುವವರೆಗೂ ಸಸ್ಪೆಂಡ್ ಆಗಿಯೇ ಇರುತ್ತದೆ. ಆ ಹೊತ್ತಿನಲ್ಲಿ ಡಿಸ್ಕ್ ತೆರೆಯುವ ಕೀ ಡಿಸ್ಕಿನಲ್ಲೇ ಬಿಚ್ಚಿಟ್ಟಂತೆ ಇರುತ್ತದೆ, ಹಾಗಾಗಿ ಆ ಸ್ಥಿತಿಯಲ್ಲಿ ಲ್ಯಾಪ್‌ಟಾಪ್ ಯಾರ ಕೈಗೂ ಕೊಡಬೇಡಿ. ರಿಕವರಿ ಕೀಯನ್ನು ಕಾಗದದಲ್ಲಿ ಬರೆದಿಟ್ಟೇ ಶುರು ಮಾಡಿ.

ಇದೆಲ್ಲ ಹಳೇ ಮಷೀನಿನ ಮಾತು. 2013ರ ಹ್ಯಾಸ್‌ವೆಲ್ ಪ್ರೊಸೆಸರ್‌ಗಳಿಂದ ಈಚೆಗೆ ಇಂಟೆಲ್ ಬೂಟ್ ಗಾರ್ಡ್ ಬಂದಿದೆ. ಕಂಪನಿ ಅದನ್ನು ಆನ್ ಮಾಡಿ ಕಳಿಸಿದ ಲ್ಯಾಪ್‌ಟಾಪಿನಲ್ಲಿ ಕಂಪನಿಯ ಡಿಜಿಟಲ್ ಸಹಿ ಇಲ್ಲದ ಬಯಾಸ್ ಬೂಟ್ ಆಗುವುದೇ ಇಲ್ಲ. ಅಲ್ಲಿ ಕಂಪನಿಯ ಅಪ್‌ಡೇಟ್ ಬಿಟ್ಟು ಬೇರೆ ದಾರಿ ಇಲ್ಲ. ಅದಕ್ಕೂ ಮೊದಲು ಸಸ್ಪೆಂಡ್ ಮಾಡಿಕೊಳ್ಳಿ.